ಹಿತ್ತಲಲ್ಲೊಂದು ಸ್ಟೋಪ್: ತುಂಬಿ, ಒಡೆದು, ಮತ್ತೆ ಕಟ್ಟಿದ ಕತೆ

ನಮ್ಮ ತಾತ ಕೆಜಿಎಫ್‌ನಲ್ಲಿ ಗ್ರಾನೈಟ್ ಕಟ್ಟುವ ಗ್ಯಾಂಗಿನಲ್ಲಿದ್ದರು. ಅದಿರು ತೆಗೆದು ಬರಿದಾದ ಜಾಗಕ್ಕೆ ಗಣಿಯಲ್ಲಿ ಸ್ಟೋಪ್ ಅನ್ನುತ್ತಾರೆ. ಅದರೊಳಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಮೇಲ್ಬಂಡೆ ಮುಟ್ಟುವವರೆಗೆ ಗೋಡೆ ಎಬ್ಬಿಸುವುದು ಅವರ ಕೆಲಸ. ಅಪ್ಪ ಕೆಲಸಕ್ಕೆ ಸೇರುವ ಹೊತ್ತಿಗೆ ಆಳದ ಸ್ಟೋಪ್‌ಗಳಿಗೆ ಕಾಂಕ್ರೀಟ್ ತುಂಬುತ್ತಿದ್ದರು. ಎರಡಕ್ಕೂ ಕಾರಣ ಒಂದೇ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಆಳದಲ್ಲಿ ಖಾಲಿ ಜಾಗವನ್ನು ಖಾಲಿ ಬಿಟ್ಟರೆ ಸುತ್ತಲಿನ ಬಂಡೆ ಸುಮ್ಮನಿರುವುದಿಲ್ಲ, ಸಿಡಿಯುತ್ತದೆ. ‘ಬರ್ಸ್ಟ್ ಆಯ್ತು’ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾವತ್ತೂ ಮೆಲ್ಲಗೇ ಬರುತ್ತಿತ್ತು.

ಮೇಲೆ ಇನ್ನೊಂದು ಕತೆ. ಅದಿರನ್ನು ಹಿಟ್ಟಿನಂತೆ ಅರೆದು ಚಿನ್ನ ತೆಗೆದ ಮೇಲೆ ಉಳಿದದ್ದು ಊರ ಸುತ್ತ ಗುಡ್ಡಗಳಾಗಿ ನಿಂತಿದೆ. ನಾವು ಸೈನೈಡ್ ಗುಡ್ಡ ಅನ್ನುತ್ತೇವೆ. ಹದಿಮೂರು ಗುಡ್ಡ, ಸುಮಾರು 3.3 ಕೋಟಿ ಟನ್. ಗಾಳಿಗಾಲ ಬಂತೆಂದರೆ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಪಾತ್ರೆಯ ಮೇಲೆ ಆ ಬಿಳಿ ಧೂಳು. ಕೆಳಗೆ ತೂತು, ಮೇಲೆ ಗುಡ್ಡ. ಗುಡ್ಡವನ್ನೇ ತೂತಿಗೆ ತುಂಬಬಾರದಿತ್ತೇ ಎಂದು ಇಲ್ಲಿ ಹುಟ್ಟಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಂಡಿರುತ್ತಾರೆ. ಬೇರೆ ಕಡೆ ಗಣಿಗಳು ಇದನ್ನೇ ಮಾಡುತ್ತಿವೆ. ಜಾರ್ಖಂಡಿನ ಜಾದುಗುಡದ ಯುರೇನಿಯಂ ಗಣಿ ಅರೆದ ಪುಡಿಯ ದಪ್ಪ ಭಾಗವನ್ನು ನೀರಿನ ಜೊತೆ ಕೆಳಗಿಳಿಸುತ್ತದೆ. ರಾಜಸ್ಥಾನದ ರಾಮ್‌ಪುರಾ ಆಗುಚಾ ಸತು ಗಣಿ ಸಿಮೆಂಟ್ ಬೆರೆಸಿದ ಪೇಸ್ಟ್ ಮಾಡಿ ತುಂಬುತ್ತದೆ.

ನಾನು ಪಾಲಿಟೆಕ್ನಿಕ್ ಒಂದರ ಸಿವಿಲ್ ಲ್ಯಾಬಿನಲ್ಲಿ ಬೋಧಕ. ಓದಿದ್ದನ್ನು ಕೈಯಲ್ಲಿ ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹಿತ್ತಲ ಶೆಡ್ಡಿನಲ್ಲಿ ಒಂದು ಪುಟ್ಟ ಸ್ಟೋಪ್ ಕಟ್ಟಿ, ಅದಕ್ಕೆ ಮೂರು ಬಾರಿ ತುಂಬಿದೆ. ಒಂದು ಬಾರಿ ಕೆಟ್ಟಿತು, ಎರಡು ಬಾರಿ ನಿಂತಿತು. ಮೂರರ ಲೆಕ್ಕವೂ ಇಲ್ಲಿದೆ.

ಪುಡಿ ಎಲ್ಲಿಂದ

ಮೊದಲೇ ಹೇಳಿಬಿಡುತ್ತೇನೆ: ಸೈನೈಡ್ ಗುಡ್ಡದ ಮಣ್ಣನ್ನು ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಅದು ಇನ್ನೊಬ್ಬರ ಆಸ್ತಿ ಅನ್ನುವುದು ಒಂದು. ಅದರಲ್ಲಿ ಏನೇನಿದೆ ಎಂದು ಪರೀಕ್ಷಿಸದೆ ಮನೆಯ ಹಿತ್ತಲಿಗೆ ತರುವ ವಸ್ತು ಅದಲ್ಲ ಅನ್ನುವುದು ಇನ್ನೊಂದು. ಬದಲಿಗೆ ಗ್ರಾನೈಟ್ ಪಾಲಿಶ್ ಮಾಡುವ ಘಟಕದಿಂದ ಸ್ಲರಿ, ಅಂದರೆ ಪುಡಿ–ನೀರಿನ ರಾಡಿ, ಒಣಗಿ ಆದ ಹೆಂಟೆ 40 ಕಿಲೋ, ಕ್ರಷರಿನಿಂದ ಕಲ್ಲಿನ ಧೂಳು 60 ಕಿಲೋ ತಂದೆ. ಹೆಂಟೆಯನ್ನು ಒನಕೆಯಲ್ಲಿ ಕುಟ್ಟಿ, ಕ್ರಷರ್ ಧೂಳನ್ನು 600 ಮೈಕ್ರಾನ್ (0.6 ಮಿ.ಮೀ.) ಜರಡಿಯಲ್ಲಿ ಹಿಡಿದು, ಎರಡನ್ನೂ ಬೆರೆಸಿದೆ. ಸ್ಲರಿ ಪುಡಿ ಟಾಲ್ಕಂ ಪೌಡರಿನಷ್ಟು ನುಣುಪು. ಕ್ರಷರ್ ಧೂಳು ಚಿರೋಟಿ ರವೆಯ ಹಾಗೆ. ಸೇರಿದಾಗ ಗಣಿಯ ಟೇಲಿಂಗ್ಸ್‌ಗೆ, ಅಂದರೆ ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯುವ ಪುಡಿಗೆ, ಹತ್ತಿರವಾಗುತ್ತದೆ. ಜರಡಿ ಹಿಡಿಯುವಾಗ ಮುಖಕ್ಕೆ ಸರಿಯಾದ ಮಾಸ್ಕ್ ಇರಲೇಬೇಕು, ಕರವಸ್ತ್ರ ಸಾಲದು. ಕಲ್ಲಿನ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆ ಎಂದು ಕೆಜಿಎಫ್‌ನ ಯಾವ ಬೀದಿಯಲ್ಲಿ ಕೇಳಿದರೂ ಹೇಳುತ್ತಾರೆ.

ಪೆಟ್ಟಿಗೆ

25 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 80 ಸೆಂ.ಮೀ. ಎತ್ತರ. 6 ಮಿ.ಮೀ. ಅಕ್ರಿಲಿಕ್ ಹಾಳೆ, ಮೂಲೆಗಳಿಗೆ ಸಿಲಿಕೋನ್. ಉದ್ದದ ಬದಿಯ ಒಂದು ಹಾಳೆಯನ್ನು ಅಂಟಿಸದೆ ಬೋಲ್ಟ್ ಹಾಕಿ ಕೂರಿಸಿದೆ, ಆಮೇಲೆ ಬಿಚ್ಚಿ ಒಳಗಿನದು ನಿಲ್ಲುತ್ತದೋ ಇಲ್ಲವೋ ನೋಡಲು. ಅಗಲದ ಬದಿಯ ಬುಡದಲ್ಲಿ 10×10 ಸೆಂ.ಮೀ. ಕಿಂಡಿ ಕೊಯ್ದೆ. ಅದು ಡ್ರೈವ್, ಅಂದರೆ ಗಣಿಯಲ್ಲಿ ಸ್ಟೋಪ್‌ಗೆ ಹೋಗಿಬರುವ ಸುರಂಗ. ತುಂಬುವ ಮುಂಚೆ ಈ ಬಾಯಿಗೆ ಗೋಡೆ ಕಟ್ಟುತ್ತಾರೆ, ಅದು ಬ್ಯಾರಿಕೇಡ್. ಈ ಇಡೀ ಬರಹದಲ್ಲಿ ಮುಖ್ಯವಾದದ್ದು ಆ ಗೋಡೆಯೇ.

ಬರೀ ನೀರು ತುಂಬಿ ನೋಡಿದಾಗಲೇ ಪೆಟ್ಟಿಗೆಯ ಹೊಟ್ಟೆ ಉಬ್ಬಿತು. ನೆಂಟರ ವೆಲ್ಡಿಂಗ್ ಅಂಗಡಿಗೆ ಹೋಗಿ 25 ಮಿ.ಮೀ. ಆಂಗಲ್‌ನಲ್ಲಿ ಮೂರು ಪಟ್ಟಿ ಮಾಡಿಸಿ ಸೊಂಟಕ್ಕೆ, ಎದೆಗೆ, ಬುಡಕ್ಕೆ ಬಿಗಿದೆ. ಇಲ್ಲಿ ಹೆಚ್ಚು ಹೇಳುವಂಥದ್ದು ಏನಿಲ್ಲ, ಪಟ್ಟಿ ಮೊದಲೇ ಹಾಕಿಸಿ ಅಷ್ಟೇ.

ಒಳಗಿನ ನೀರಿನ ಒತ್ತಡ ತಿಳಿಯಲು ಔಷಧಿ ಅಂಗಡಿಯಿಂದ ಸಲೈನ್ ಹಾಕುವ ನಾಲ್ಕು ಪೈಪು ತಂದೆ. ಬುಡದಿಂದ 2, 20, 40, 60 ಸೆಂ.ಮೀ. ಎತ್ತರದಲ್ಲಿ ತೂತು ಕೊರೆದು, ಒಳತುದಿಗೆ ಹತ್ತಿಬಟ್ಟೆ ಸುತ್ತಿ, ಹೊರತುದಿಯನ್ನು ಒಂದು ಸ್ಕೇಲಿನ ಪಕ್ಕ ನೇರ ನಿಲ್ಲಿಸಿದೆ. ಪೈಪಿನಲ್ಲಿ ನೀರು ಎಷ್ಟು ಮೇಲೇರಿದೆಯೋ ಅಷ್ಟು ಒತ್ತಡ ಆ ಜಾಗದಲ್ಲಿದೆ. ನಾಲ್ಕಕ್ಕೂ ಸೇರಿ ನೂರು ರೂಪಾಯಿ ಚಿಲ್ಲರೆ. ಈ ಕೆಲಸದಲ್ಲಿ ಇಷ್ಟು ಕಲಿಸಿದ ಇನ್ನೊಂದು ಸಾಮಾನಿಲ್ಲ.

ಅಪ್ಪ ಕುರ್ಚಿ ಎಳೆದುಕೊಂಡು ಕೂತು ಎಲ್ಲ ನೋಡಿದರು. ಅವರು ಕೇಳಿದ್ದು ಒಂದೇ: “ಮಣ್ಣು ಒಳಗೆ ನಿಂತ್ಕೊಳ್ತದೆ ಸರಿ. ನೀರು ಯಾವ ಕಡೆಯಿಂದ ಹೋಗಬೇಕು?”

“ಬ್ಯಾರಿಕೇಡಿನಿಂದ ಬಸೀತದೆ ಅಪ್ಪ, ಇಟ್ಟಿಗೆ ಇಟ್ಟಿದೀನಿ, ಗೋಣಿಬಟ್ಟೆ ಕಟ್ಟಿದೀನಿ.”

“ಹೋಗಲಿಲ್ಲ ಅಂದ್ರೆ?”

ಆಗ ನಾನು ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ.

ಮೊದಲ ಸಲ: ಪುಡಿ ಇದ್ದ ಹಾಗೇ

ಹೈಡ್ರಾಲಿಕ್ ಫಿಲ್ ಅಂದರೆ ಪುಡಿಯನ್ನು ನೀರಿನ ಜೊತೆ ಇಳಿಸಿ ತುಂಬುವುದು. ಅದರಲ್ಲಿ ತೂಕದ ಲೆಕ್ಕಕ್ಕೆ ಶೇ. 65ರಿಂದ 75 ಪುಡಿ, ಉಳಿದದ್ದು ನೀರು. ನಾನು ಶೇ. 70 ಹಿಡಿದೆ. ನೋಡಲು ರಾಗಿ ಅಂಬಲಿಯ ಹಾಗೆ. ಲೀಟರಿಗೆ ಸುಮಾರು 1.77 ಕಿಲೋ ತೂಗುತ್ತದೆ. ಗಣಿಯಲ್ಲಿ ಮೇಲಿನಿಂದ ಕೊರೆದ ರಂಧ್ರ, ಪೈಪುಗಳ ಮೂಲಕ ತನ್ನ ಭಾರಕ್ಕೆ ತಾನೇ ಇಳಿಯುವಂತೆ ಬಿಡುತ್ತಾರೆ. ನಾನೂ ತಾರಸಿ ಮೇಲೆ ಡ್ರಮ್ ಇಟ್ಟು ಒಂದು ಇಂಚಿನ ಹೋಸ್ ಇಳಿಬಿಟ್ಟೆ.

ಅಲ್ಲೇ ಮೊದಲ ಪಾಠ. ಮೆಲ್ಲಗೆ ಬಿಡೋಣ ಎಂದು ವಾಲ್ವ್ ಅರ್ಧ ಮುಚ್ಚಿದೆ. ಎರಡು ನಿಮಿಷದಲ್ಲಿ ಹೋಸ್ ಕಟ್ಟಿತು. ವೇಗ ಕಡಿಮೆಯಾದರೆ ದಪ್ಪ ಕಣ ಪೈಪಿನ ತಳ ಹಿಡಿಯುತ್ತದೆ, ಬಾಗಿದ ಕಡೆ ಗುಪ್ಪೆಯಾಗುತ್ತದೆ, ಆಮೇಲೆ ಬಿರಟೆ ಹಾಕಿದ ಹಾಗೆ. ಇಂಥ ಸ್ಲರಿಯನ್ನು ನಿಧಾನಿಸುವ ಹಾಗಿಲ್ಲ; ಸೆಕೆಂಡಿಗೆ ಒಂದೂವರೆ ಮೀಟರಿನ ಆಸುಪಾಸು ಓಡುತ್ತಲೇ ಇರಬೇಕು, ನಿಲ್ಲಿಸುವುದಾದರೆ ಪೂರ್ತಿ ನಿಲ್ಲಿಸಿ ಕೂಡಲೇ ಬರೀ ನೀರಿನಲ್ಲಿ ತೊಳೆಯಬೇಕು. ಹಾಗೆ ತೊಳೆದ ನೀರು ಸ್ಟೋಪ್‌ನೊಳಕ್ಕೆ ಹೋಗದಂತೆ ಬೇರೆ ಕಡೆ ತಿರುಗಿಸಬೇಕು ಅನ್ನುವುದು ನನಗೆ ಹೊಳೆದದ್ದು ಆಮೇಲೆ. ಅವತ್ತು ಎಲ್ಲವೂ ಪೆಟ್ಟಿಗೆಗೇ ಹೋಯಿತು.

ಒಂದು ಗಂಟೆಯೊಳಗೆ 60 ಸೆಂ.ಮೀ. ತುಂಬಿದೆ. ಬ್ಯಾರಿಕೇಡಿನಿಂದ ಹನಿ ಹನಿ ಬರುತ್ತಿತ್ತು, ಬಣ್ಣ ತಿಳಿ. ಖುಷಿಯಾಯಿತು. ಸಂಜೆ ಆರಕ್ಕೆ ಬುಡದ ಪೈಪಿನಲ್ಲಿ ನೀರು 58 ಸೆಂ.ಮೀ. ಬೆಳಿಗ್ಗೆ ಆರಕ್ಕೆ ನೋಡಿದರೆ 53. ಹನ್ನೆರಡು ಗಂಟೆಯಲ್ಲಿ ಐದೇ ಸೆಂ.ಮೀ. ಇಳಿದಿತ್ತು. ಮೇಲೆ ಮುಟ್ಟಿದರೆ ಗಟ್ಟಿ, ಬೆರಳು ಊರುತ್ತಿರಲಿಲ್ಲ. ಒಳಗೆ ಮಾತ್ರ ನೀರು ಕಾಲೂರಿ ನಿಂತಿತ್ತು.

ಆಗಲೇ ನಿಲ್ಲಿಸಿ ಕಾಯಬೇಕಿತ್ತು. ಮೇಲ್ಮೈ ಗಟ್ಟಿಯಾಗಿದೆಯಲ್ಲ ಎಂದು ಉಳಿದ 20 ಸೆಂ.ಮೀ. ಸುರಿದೆ. ಹತ್ತು ನಿಮಿಷವಾಗಿರಬಹುದು, ಕಿಂಡಿಯ ಬಲಬದಿಯಲ್ಲಿ, ಇಟ್ಟಿಗೆಗೂ ಅಕ್ರಿಲಿಕ್‌ಗೂ ನಡುವೆ, ಬರುತ್ತಿದ್ದ ತಿಳಿನೀರು ಕದಡಿತು. ಮೊದಲು ಬೂದಿಬಣ್ಣದ ಒಂದು ಎಳೆ. ಆಮೇಲೆ ಪೆನ್ಸಿಲ್ ದಪ್ಪ. ನಾನು ಬಟ್ಟೆ ತುರುಕಲು ಬಗ್ಗುವಷ್ಟರಲ್ಲಿ ಇಟ್ಟಿಗೆ ಹೊರಗೆ ಬಂದು ಬಿತ್ತು. ಒಂದು ನಿಮಿಷ ಕೂಡ ಹಿಡಿಯಲಿಲ್ಲ, ಪೆಟ್ಟಿಗೆಯ ಮುಕ್ಕಾಲು ಭಾಗ ಶೆಡ್ಡಿನ ನೆಲದ ಮೇಲಿತ್ತು. ಒಳಗೆ ಉಳಿದದ್ದರ ನಡುವೆ ಆಲಿಕೆಯಂಥ ಕುಳಿ.

ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. “ಕಿಂಡಿ ಮುಂದೆ ಕೈ ಇಡಬೇಡ” ಎಂದು ಮಾತ್ರ ಹೇಳಿದರು. ಅವರ ದನಿ ನಡುಗುತ್ತಿತ್ತು.

ಆ ಕಿಂಡಿಯ ಮೇಲೆ ಬಿದ್ದ ಭಾರದ ಲೆಕ್ಕ ಆ ರಾತ್ರಿ ಹಾಕಿದೆ. 80 ಸೆಂ.ಮೀ. ಎತ್ತರ, ಒಳಗಿರುವುದು ಇನ್ನೂ ದ್ರವ ಎಂದುಕೊಂಡರೆ, ಅಂಗೈಯಗಲದ ಆ ಇಟ್ಟಿಗೆಯ ಮೇಲೆ 14 ಕಿಲೋ. ಅದೇ ಲೆಕ್ಕವನ್ನು 4×4 ಮೀಟರಿನ ನಿಜವಾದ ಡ್ರೈವ್‌ಗೆ, ಮೇಲೆ 20 ಮೀಟರ್ ಬಸಿಯದ ಸ್ಲರಿ ನಿಂತಿದೆ ಎಂದು ಹಾಕಿ ನೋಡಿ: 560 ಟನ್‌ಗೂ ಹೆಚ್ಚು. 2000ದ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ರಾಂಜ್‌ವಿಂಗ್ ಚಿನ್ನದ ಗಣಿಯಲ್ಲಿ ಹೈಡ್ರಾಲಿಕ್ ಫಿಲ್ ಬ್ಯಾರಿಕೇಡ್ ಒಡೆದು ಮೂವರು ಸತ್ತರು. ಅದನ್ನು ನಾನು ಓದಿದ್ದೆ. ಓದಿದ್ದು ಅರ್ಥವಾಗಲು ನನ್ನ ಶೆಡ್ಡಿನ ನೆಲ ಕೆಸರಾಗಬೇಕಾಯಿತು.

ತಪ್ಪು ಎರಡು. ಗೋಡೆಯ ಅಂಚು ಸಡಿಲ ಅನ್ನುವುದು ಕಣ್ಣಿಗೆ ಕಂಡದ್ದು. ನೀರು ಹೋಗಲಿಲ್ಲ ಅನ್ನುವುದು ಅದಕ್ಕಿಂತ ದೊಡ್ಡದು. ಗೋಡೆ ಭದ್ರವಾಗಿದ್ದಿದ್ದರೆ ಆ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತಿತ್ತು.

ರಿಪೇರಿ: ಗಸಿ ತೆಗೆಯುವುದು

ನೀರು ಯಾಕೆ ಹೋಗಲಿಲ್ಲ? 4 ಇಂಚಿನ ಪಿವಿಸಿ ಪೈಪಿನ ತುಂಡಿಗೆ ತಳದಲ್ಲಿ ಜಾಲರಿ ಕಟ್ಟಿ, 30 ಸೆಂ.ಮೀ. ಪುಡಿ ತುಂಬಿ, ಮೇಲೆ ತೆಳ್ಳಗೆ ನೀರು ನಿಲ್ಲಿಸಿ, ಕೆಳಗೆ ಅಳತೆ ಲೋಟ ಇಟ್ಟೆ. ಗಂಟೆಗೆ 35 ಮಿ.ಲೀ. ಇದನ್ನು ಪೈಪಿನ ಅಡ್ಡಳತೆಗೆ ಭಾಗಿಸಿದರೆ ಗಂಟೆಗೆ 4 ಮಿ.ಮೀ. ಗಣಿಗಳಲ್ಲಿ ಹಿಂದಿನಿಂದ ನಡೆದು ಬಂದ ರೂಢಿ ಗಂಟೆಗೆ 100 ಮಿ.ಮೀ. ಇದಕ್ಕಿಂತ ಕಡಿಮೆ ಇದ್ದೂ ಚೆನ್ನಾಗಿ ಕೆಲಸ ಮಾಡಿದ ಫಿಲ್‌ಗಳಿವೆ, ಆದರೆ ನನ್ನ 4 ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇದಕ್ಕೆ ಕಾರಣ ಸ್ಲೈಮ್, ಅಂದರೆ ಅತಿ ನುಣ್ಣನೆಯ ಗಸಿ. ಅದು ದಪ್ಪ ಕಣಗಳ ಸಂದಿಯಲ್ಲಿ ಕೂತು ನೀರಿನ ದಾರಿ ಕಟ್ಟುತ್ತದೆ. ಗಣಿಯಲ್ಲಿ ಹೈಡ್ರೋಸೈಕ್ಲೋನ್ ಎಂಬ ಶಂಕುವಿನಾಕಾರದ ಪಾತ್ರೆಯಲ್ಲಿ ಸ್ಲರಿಯನ್ನು ಗಿರಗಿರನೆ ಸುತ್ತಿಸಿ ನುಣ್ಣನೆಯದನ್ನು ಮೇಲಿನಿಂದ, ದಪ್ಪನೆಯದನ್ನು ಕೆಳಗಿನಿಂದ ತೆಗೆಯುತ್ತಾರೆ. ನನ್ನ ಬಳಿ ಅದಿಲ್ಲ. ಅಕ್ಕಿ ತೊಳೆದು ಬಸಿಯುವ ದಾರಿ ಹಿಡಿದೆ.

20 ಮೈಕ್ರಾನ್ ಕಣ ನೀರಿನಲ್ಲಿ ಸೆಕೆಂಡಿಗೆ ಸುಮಾರು 0.4 ಮಿ.ಮೀ. ಇಳಿಯುತ್ತದೆ, ಸ್ಟೋಕ್ಸ್ ಸೂತ್ರದಿಂದ ಬರುವ ಲೆಕ್ಕ. 20 ಸೆಂ.ಮೀ. ಆಳದ ಬಕೆಟಿನಲ್ಲಿ ಚೆನ್ನಾಗಿ ಕದಡಿ 8 ನಿಮಿಷ ಬಿಟ್ಟರೆ 20 ಮೈಕ್ರಾನಿಗಿಂತ ದಪ್ಪನೆಯದೆಲ್ಲ ತಳ ಸೇರಿರುತ್ತದೆ. ಮೇಲಿನ ಹಾಲಿನಂಥ ನೀರನ್ನು ಸೈಫನ್ ಮಾಡಿ ತೆಗೆದರೆ ಅದರ ಜೊತೆ ಗಸಿ ಹೋಗುತ್ತದೆ. ಬಕೆಟಿನಲ್ಲಿ ಪ್ರಯೋಗ ಸರಿಬಂದ ಮೇಲೆ 200 ಲೀಟರ್ ಡ್ರಮ್ಮಿಗೆ ಹೋದೆ. 80 ಸೆಂ.ಮೀ. ಆಳಕ್ಕೆ 33 ನಿಮಿಷ. ಒಂದು ಸಲಕ್ಕೆ 20 ಕಿಲೋ ಪುಡಿ, ಅದಕ್ಕಿಂತ ಹೆಚ್ಚು ಹಾಕಿದರೆ ಕಣಗಳು ಒಂದನ್ನೊಂದು ತಡೆದು ಲೆಕ್ಕ ತಪ್ಪುತ್ತದೆ. ಹೀಗೆ ಐದು ಕಂತು, ಪ್ರತಿ ಕಂತಿಗೂ ಮೂರು ತೊಳೆತ. ಎರಡು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ನೆಲಕ್ಕೆ ಬಿದ್ದದ್ದನ್ನೂ ಬಾಚಿ ಸೇರಿಸಿದ್ದರಿಂದ ಒಟ್ಟು ಹೆಚ್ಚುಕಡಿಮೆ ಅದೇ 100 ಕಿಲೋ.

ಕೊನೆಗೆ ಕೈಗೆ ಉಳಿದದ್ದು 61 ಕಿಲೋ ದಪ್ಪ ಪುಡಿ. ಪಿವಿಸಿ ಪೈಪಿನ ಪರೀಕ್ಷೆಯಲ್ಲಿ ಒಂದನೇ ತೊಳೆತದ ನಂತರ ಗಂಟೆಗೆ 19 ಮಿ.ಮೀ., ಎರಡನೆಯದರ ನಂತರ 41, ಮೂರನೆಯದರ ನಂತರ 70. ನಾಲ್ಕನೇ ಸಲ ತೊಳೆಯಲು ಹೋಗಲಿಲ್ಲ.

ಉಳಿದ 39 ಕಿಲೋ? ಎರಡು ಡ್ರಮ್ಮಿನಲ್ಲಿ ಬಿಳಿ ಕೆಸರು. ಅದು ಒಂದು ವಾರವಾದರೂ ಗಟ್ಟಿಯಾಗುವುದಿಲ್ಲ. ಸೈನೈಡ್ ಗುಡ್ಡವನ್ನೇ ತೂತಿಗೆ ತುಂಬಬಾರದಿತ್ತೇ ಅನ್ನುವ ಪ್ರಶ್ನೆ ಎಷ್ಟು ಹಗುರವಾಗಿತ್ತು ಎಂದು ಆ ಡ್ರಮ್ಮುಗಳ ಮುಂದೆ ನಿಂತಾಗ ಗೊತ್ತಾಯಿತು. ಗಣಿಯಲ್ಲಿ ಈ ಗಸಿ ಮತ್ತೆ ಮೇಲಿನ ಕೆರೆಗೇ, ಟೇಲಿಂಗ್ಸ್ ಡ್ಯಾಮಿಗೇ ಹೋಗಬೇಕು. ಗಸಿಯ ಮಾತು ಹಾಗಿರಲಿ, ಗಾತ್ರದ ಲೆಕ್ಕವೇ ಬೇರೆ ಇದೆ. ಒಂದು ಘನ ಮೀಟರ್ ಗಟ್ಟಿ ಬಂಡೆ 2.7 ಟನ್. ಅದನ್ನು ಅರೆದು ಅದೇ ತೂತಿಗೆ ತುಂಬಿದರೆ ಹಿಡಿಸುವುದು ಸುಮಾರು 1.45 ಟನ್. ಅರೆದದ್ದು ಉಬ್ಬುತ್ತದೆ, ಮತ್ತೆ ಬಂಡೆಯಾಗುವುದಿಲ್ಲ. ಯಾವ ವಿಧಾನ ಹಿಡಿದರೂ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೆಳಗೆ ಹೋಗುತ್ತದೆ. ಇದರ ಮೇಲೆ ನಮ್ಮೂರಿನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿ, ಪಂಪು ನಿಂತು, ಸುರಂಗಗಳಿಗೆ ನೀರು ತುಂಬಿದೆ. ತುಂಬುವ ಕೆಲಸ ಗಣಿ ನಡೆಯುತ್ತಿರುವಾಗಲೇ, ಸ್ಟೋಪ್ ಬರಿದಾದ ಬೆನ್ನಿಗೇ ಆಗಬೇಕು.

ರಿಪೇರಿ: ಗೋಡೆ

ಸುಟ್ಟ ಇಟ್ಟಿಗೆ ಬಿಟ್ಟೆ. 6 ಮಿ.ಮೀ. ಜಲ್ಲಿ ಆರು ಪಾಲು, ಸಿಮೆಂಟ್ ಒಂದು ಪಾಲು, ಮರಳು ಇಲ್ಲವೇ ಇಲ್ಲ. ಈ ಕಾಂಕ್ರೀಟ್ ಕಡಲೆಮಿಠಾಯಿಯ ಹಾಗೆ ಕಾಣುತ್ತದೆ, ನೀರು ಸುರಿದರೆ ನಿಲ್ಲದೆ ಇಳಿಯುತ್ತದೆ. ಅದರಲ್ಲಿ 5 ಸೆಂ.ಮೀ. ದಪ್ಪದ ಗೋಡೆ ಎರಕ ಹೊಯ್ದೆ. ನೇರ ಅಲ್ಲ, ಬೆನ್ನು ಸ್ಟೋಪ್ ಕಡೆಗೆ ಬಾಗಿದ ಕಮಾನು. ಒತ್ತಡ ಬಿದ್ದಷ್ಟೂ ಕಮಾನು ಬದಿಗಳಿಗೆ ಒತ್ತಿಕೊಳ್ಳುತ್ತದೆ. ಬದಿಗಳಲ್ಲಿ ಆಂಗಲ್ ತುಂಡು ಬೋಲ್ಟ್ ಮಾಡಿ ತೋಡು ಕೊಟ್ಟು, ಅದರೊಳಗೆ ಗೋಡೆ ಕೂರಿಸಿ, ಅಂಚಿನ ಸುತ್ತ ಸಿಮೆಂಟ್ ಗಾರೆ ಒತ್ತಿದೆ. ಒಳಮೈಗೆ ರಸ್ತೆ ಕೆಲಸದಲ್ಲಿ ಉಳಿದ, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಯನ್ನು ಕಿಂಡಿಯಳತೆಗೆ ಕತ್ತರಿಸದೆ ಸುತ್ತಲೂ ಒಂದು ಗೇಣು ಹೆಚ್ಚು ಬಿಟ್ಟು ಪೆಟ್ಟಿಗೆಯ ಗೋಡೆಗೇ ಅಂಟಿಸಿದೆ. ಕಳೆದ ಸಲ ಕೆಸರು ಕದ್ದು ಬಂದದ್ದು ಆ ಅಂಚಿನ ದಾರಿಯಲ್ಲೇ.

ತುಂಬುವಾಗ ಮೇಲೆ ನಿಲ್ಲುವ ತಿಳಿನೀರು ತೆಗೆಯಲು ಮುಕ್ಕಾಲು ಇಂಚಿನ ಪೈಪಿಗೆ ಉದ್ದಕ್ಕೂ ತೂತು ಕೊರೆದು ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿ ನಿಲ್ಲಿಸಿದೆ.

ಎರಡನೇ ಸಲ: ತೊಳೆದ ಪುಡಿ

ಈ ಸಲ 15 ಸೆಂ.ಮೀ. ಪದರ. ಒಂದು ಪದರಕ್ಕೆ 7.5 ಲೀಟರ್, ವಾಲ್ವ್ ಪೂರ್ತಿ ತೆರೆದರೆ ಹತ್ತು ಹನ್ನೆರಡು ಸೆಕೆಂಡು. ಹೋಸ್ ತೊಳೆದ ನೀರು ಹೊರಗಿನ ಬಕೆಟಿಗೆ. ಮುಂದಿನ ಪದರ ಯಾವಾಗ ಎಂದು ಗಡಿಯಾರ ನೋಡಲಿಲ್ಲ, ಬುಡದ ಸಲೈನ್ ಪೈಪು ನೋಡಿದೆ. ನೀರು 5 ಸೆಂ.ಮೀ. ಕೆಳಗಿಳಿಯದೆ ಮುಂದಿನದು ಸುರಿಯುವುದಿಲ್ಲ ಎಂದು ಗೋಡೆಗೆ ಚಾಕ್‌ಪೀಸಿನಲ್ಲಿ ಬರೆದುಬಿಟ್ಟೆ. ಸುರಿದ ಕೂಡಲೇ ಏರಿ, ಮೂರು ನಾಲ್ಕು ಗಂಟೆಯಲ್ಲಿ ಇಳಿಯುತ್ತಿತ್ತು. ಎಲ್ಲಕ್ಕಿಂತ ಮೇಲೆ ಮುಟ್ಟಿದ್ದು 17 ಸೆಂ.ಮೀ., ಎರಡನೇ ಪದರದಲ್ಲಿ. ಮೂರು ದಿನಕ್ಕೆ ಪೆಟ್ಟಿಗೆ ತುಂಬಿತು.

ನೀರಿನ ಜಮಾ–ಖರ್ಚು ಕೂಡ ಬರೆದಿಟ್ಟೆ. ಪುಡಿಯ ಜೊತೆ ಒಳಗೆ ಹೋದದ್ದು 25 ಲೀಟರ್. ಮೇಲಿನಿಂದಲೂ ಬ್ಯಾರಿಕೇಡಿನಿಂದಲೂ ಹೊರಗೆ ಬಂದದ್ದು 13.5 ಲೀಟರ್. ಉಳಿದದ್ದು ಕಣಗಳ ಸಂದಿಯಲ್ಲಿ ಅಂಟಿಕೊಂಡೇ ಇದೆ, ಅದು ಬಸಿಯುವುದಿಲ್ಲ. ಬಂದ ನೀರಿಗಿಂತ ಬರಬೇಕಾದ ನೀರು ಎಷ್ಟು ಹೆಚ್ಚು ಎಂದು ದಿನವೂ ಕೂಡಿ ಕಳೆದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಮೊದಲ ಸಲ ಈ ಪುಸ್ತಕ ಇಟ್ಟಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು.

ನಾಲ್ಕನೇ ದಿನ ಬದಿಯ ಹಾಳೆಯ ಬೋಲ್ಟ್ ಬಿಚ್ಚಿದೆ. ನಿಂತಿತು! 80 ಸೆಂ.ಮೀ. ನೆಟ್ಟಗೆ. ಸಿಮೆಂಟ್ ಇಲ್ಲದೆ ಇದು ಹೇಗೆ? ಚಿಕ್ಕಂದಿನಲ್ಲಿ ಒದ್ದೆ ಮರಳಿನೊಳಗೆ ಕಾಲಿಟ್ಟು ಗುಬ್ಬಚ್ಚಿ ಗೂಡು ಕಟ್ಟಿದವರಿಗೆ ಉತ್ತರ ಗೊತ್ತು. ಕಣಗಳ ನಡುವಿನ ತೆಳುನೀರು ಅವನ್ನು ಹಿಡಿದುಕೊಂಡಿರುತ್ತದೆ. ಚೌಕಟ್ಟಿಗೆ ಸುತ್ತಿಗೆಯಲ್ಲಿ ಮೂರು ಏಟು ಹಾಕಿದೆ, ಪಕ್ಕದ ಸ್ಟೋಪ್‌ನಲ್ಲಿ ಬ್ಲಾಸ್ಟಿಂಗ್ ಆದ ಹಾಗೆ. ಮೂರನೆಯದಕ್ಕೆ ಮೇಲಿನ ಅಂಚು ಬಿರುಕು ಬಿಟ್ಟು ಇಡೀ ಮುಖ ಜಾರಿತು. ಪಕ್ಕದ ಅದಿರನ್ನು ತೆಗೆಯಬೇಕಾದರೆ, ಅಂದರೆ ಫಿಲ್‌ನ ಮುಖ ಬಯಲಾಗಬೇಕಾದರೆ, ಬಸಿದರಷ್ಟೇ ಸಾಲದು, ಬೆಸೆಯುವುದು ಬೇಕು.

ಮೂರನೇ ಸಲ: ಪೇಸ್ಟ್

ಇಲ್ಲಿ ಗಸಿ ಶತ್ರುವಲ್ಲ. ಪೇಸ್ಟ್‌ಗೆ ನುಣ್ಣನೆಯ ಕಣ ಬೇಕೇ ಬೇಕು. 20 ಮೈಕ್ರಾನಿಗಿಂತ ಚಿಕ್ಕದು ಶೇ. 15ರಷ್ಟಾದರೂ ಇರಬೇಕು ಎಂಬುದು ರೂಢಿ. ಆ ನುಣುಪೇ ನೀರನ್ನು ಹಿಡಿದಿಡುತ್ತದೆ, ದಪ್ಪ ಕಣ ತಳ ಸೇರದಂತೆ ಎತ್ತಿಹಿಡಿಯುತ್ತದೆ. ಜರ್ಮನಿಯ ಬಾಡ್ ಗ್ರುಂಡ್ ಸೀಸ–ಸತು ಗಣಿಯವರು ಮೊದಮೊದಲು ಇದನ್ನು ಮಾಡಿ ತೋರಿಸಿದವರು. ನನ್ನ ಎರಡು ಡ್ರಮ್ಮಿನ ಬಿಳಿ ಕೆಸರು ಕೊನೆಗೂ ಕೆಲಸಕ್ಕೆ ಬಂತು: ತಿಳಿ ತೆಗೆದು, ತಾರ್ಪಾಲಿನ ಮೇಲೆ ಒಣಗಿಸಿ, ತೊಳೆದ ಪುಡಿಗೇ ವಾಪಸ್ ಬೆರೆಸಿದೆ.

ಹದ ಹಿಡಿಯುವುದೇ ಕಷ್ಟ. ಶೇ. 74 ಪುಡಿಗೆ ಇನ್ನೂ ಅಂಬಲಿ. ಶೇ. 79ಕ್ಕೆ ಮುದ್ದೆ, ಹೋಸಿನಲ್ಲಿ ಇಳಿಯಲೇ ಇಲ್ಲ. ಶೇ. 76ಕ್ಕೆ ಸರಿಹೋಯಿತು. ಕಾಂಕ್ರೀಟ್ ಪರೀಕ್ಷೆಯ ಸ್ಲಂಪ್ ಕೋನ್ ಎತ್ತಿದಾಗ 200 ಮಿ.ಮೀ. ಕುಸಿಯಿತು, ಅಂಚಿನಲ್ಲಿ ನೀರು ಬಿಡಲಿಲ್ಲ. ಒಂದೇ ಒಂದು ಪರ್ಸೆಂಟ್ ನೀರು ಆಚೀಚೆಯಾದರೂ ಹದ ಕೆಡುತ್ತದೆ, ಆದ್ದರಿಂದ ಲೋಟದಲ್ಲಿ ಅಳೆಯಬೇಡಿ, ತೂಗಿ. ಪುಡಿಯಲ್ಲಿ ಮೊದಲೇ ಇರುವ ತೇವವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೋಸ್ ಎರಡು ಇಂಚಿಗೆ ಬದಲಾಯಿಸಿದೆ. ಅರ್ಧದಲ್ಲಿ ಹತ್ತು ನಿಮಿಷ ಬೇಕೆಂದೇ ನಿಲ್ಲಿಸಿ ಮತ್ತೆ ಬಿಟ್ಟೆ. ಮೆಲ್ಲಗೆ ಜರುಗಿತು, ಕಟ್ಟಲಿಲ್ಲ. ಮೊದಲ ದಿನದ ಹೋಸ್ ನೆನಪಾಯಿತು.

ಸಿಮೆಂಟ್ ಎಷ್ಟು? ಪೆಟ್ಟಿಗೆಗೆ ಶೇ. 5 ಹಾಕಿದೆ. ಜೊತೆಗೆ 50 ಮಿ.ಮೀ. ಪೈಪಿನ ತುಂಡುಗಳಲ್ಲಿ 100 ಮಿ.ಮೀ. ಎತ್ತರದ ಸಿಲಿಂಡರ್‌ಗಳನ್ನು ಶೇ. 3, 5, 7ರಲ್ಲಿ ಹೊಯ್ದು, ಒದ್ದೆ ಗೋಣಿಯೊಳಗೆ ಸುತ್ತಿಟ್ಟೆ. ಶೇ. 5ರ ಇನ್ನೊಂದು ಗುಂಪಿಗೆ ಸ್ಲ್ಯಾಗ್ ಸಿಮೆಂಟ್, ಅಂದರೆ ಕಬ್ಬಿಣದ ಕುಲುಮೆಯ ಕಿಟ್ಟ ಅರೆದು ಬೆರೆಸಿದ ಸಿಮೆಂಟ್.

28ನೇ ದಿನ ಲ್ಯಾಬಿನ ಕಾಂಕ್ರೀಟ್ ಒಡೆಯುವ ಯಂತ್ರಕ್ಕೆ ಇಟ್ಟರೆ ಮುಳ್ಳು ಅಲುಗುವ ಮೊದಲೇ ಸಿಲಿಂಡರ್ ಪುಡಿ. ಆ ಯಂತ್ರ 200 ಟನ್ನಿನದು, ನನ್ನ ಸಿಲಿಂಡರ್ ಒಡೆಯಲು ನೂರು ಚಿಲ್ಲರೆ ಕಿಲೋ ಸಾಕು. ಶೆಡ್ಡಿಗೆ ಬಂದು ಸನ್ನೆಕೋಲು ಮಾಡಿದೆ: 1.5 ಮೀಟರ್ ಚೌಕ ಪೈಪು, ಒಂದು ತುದಿ ಗೋಡೆಗೆ ಕೀಲು, ಕೀಲಿನಿಂದ 30 ಸೆಂ.ಮೀ. ದೂರದಲ್ಲಿ ಸಿಲಿಂಡರ್, ಇನ್ನೊಂದು ತುದಿಗೆ ಬಕೆಟ್. ಬಕೆಟಿಗೆ ಹಾಕಿದ ಒಂದು ಕಿಲೋ ಮರಳು ಸಿಲಿಂಡರ್ ಮೇಲೆ ಐದು ಕಿಲೋ. ಪೈಪಿನ ಸ್ವಂತ ಭಾರವನ್ನು ಬೇರೆ ತೂಗಿ ಕೂಡಿಸಿಕೊಂಡೆ. ಬಟ್ಟಲಲ್ಲಿ ಮರಳು ಸುರಿಯುತ್ತಾ ಹೋಗುವುದು, ಮುರಿದಾಗ ಬಕೆಟ್ ತೂಗುವುದು. ಮೂರು ಮೂರು ಸಿಲಿಂಡರಿನ ಸರಾಸರಿ: ಶೇ. 3ಕ್ಕೆ 0.14 ಮೆಗಾಪ್ಯಾಸ್ಕಲ್ (ಒಂದು ಮೆಗಾಪ್ಯಾಸ್ಕಲ್ ಅಂದರೆ ಚದರ ಸೆಂ.ಮೀ.ಗೆ ಸುಮಾರು 10 ಕಿಲೋ ಭಾರ), ಶೇ. 5ಕ್ಕೆ 0.38, ಶೇ. 7ಕ್ಕೆ 0.66. ಸ್ಲ್ಯಾಗ್ ಸಿಮೆಂಟ್ ಶೇ. 5ಕ್ಕೆ 0.55.

ಮನೆ ಕಟ್ಟುವ ಎಂ20 ಕಾಂಕ್ರೀಟಿನ ಮುಂದೆ ಇದು ಏನೂ ಅಲ್ಲ. ಆದರೆ ಗಣಿಯಲ್ಲಿ ಬೇಕಾದದ್ದೇ ಇಷ್ಟು. 40 ಮೀಟರ್ ಎತ್ತರ, 20 ಮೀಟರ್ ಅಗಲದ ಮುಖ ಬಯಲಾಗಿ ನಿಲ್ಲಬೇಕೆಂದರೆ, ಫಿಲ್‌ನ ತೂಕವನ್ನು ಎತ್ತರದಿಂದ ಗುಣಿಸಿ, ಎತ್ತರ–ಅಗಲದ ಅನುಪಾತಕ್ಕೆ ಒಂದು ಕೂಡಿಸಿ ಭಾಗಿಸುವ ಒಂದು ಸರಳ ಸೂತ್ರವಿದೆ. ನನ್ನ ಪೇಸ್ಟ್‌ಗೆ ಅದರಂತೆ ಸುಮಾರು 0.25 ಬರುತ್ತದೆ. ಒಂದೂವರೆ ಪಟ್ಟು ಭದ್ರತೆ ಹಿಡಿದರೆ 0.38. ಶೇ. 5 ಅಂಚಿನ ಮೇಲೆ ನಿಂತಿದೆ, ಸ್ಲ್ಯಾಗ್ ಆದರೆ ನೆಮ್ಮದಿ. ಸಿಮೆಂಟೇ ಈ ಕೆಲಸದ ದೊಡ್ಡ ಖರ್ಚು, ಶೇ. 1 ಉಳಿಸಿದರೂ ಗಣಿಗೆ ಅದು ದೊಡ್ಡ ಮೊತ್ತ. ಒಂದು ಎಚ್ಚರಿಕೆ: ನನ್ನ ಗ್ರಾನೈಟ್ ಪುಡಿ ಸಾಧು. ಚಿನ್ನದ, ಸತುವಿನ ಟೇಲಿಂಗ್ಸ್‌ನಲ್ಲಿ ಪೈರೈಟ್‌ನಂಥ ಗಂಧಕದ ಖನಿಜಗಳಿರುತ್ತವೆ. ಅವು ಗಾಳಿ ನೀರು ತಾಗಿ ಸಲ್ಫೇಟ್ ಆಗಿ, 28 ದಿನಕ್ಕೆ ಗಟ್ಟಿಯಾಗಿದ್ದ ಪೇಸ್ಟನ್ನು ಕೆಲವು ತಿಂಗಳಲ್ಲಿ ಒಳಗಿನಿಂದ ಸಡಿಲಿಸಬಲ್ಲವು. ಸ್ಲ್ಯಾಗ್ ಇದನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ನಾನು 90ನೇ ದಿನಕ್ಕೆಂದು ಆರು ಸಿಲಿಂಡರ್ ಎತ್ತಿಟ್ಟಿದ್ದೇನೆ.

ಅದೇ ದಿನ ಪೆಟ್ಟಿಗೆಯ ಹಾಳೆ ಬಿಚ್ಚಿದೆ. ಮುಖ ನಿಂತಿತು. ಸುತ್ತಿಗೆಯ ಏಟು ಮೂರಲ್ಲ, ಮೂವತ್ತು ಹಾಕಿದೆ, ಒಂದು ಕಣ ಉದುರಲಿಲ್ಲ. ಇದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು, 80 ಸೆಂ.ಮೀ. ಎತ್ತರ ಬುಡದ ಮೇಲೆ ಹಾಕುವ ಭಾರ 40 ಮೀಟರಿನದರ ಐವತ್ತನೇ ಒಂದು ಪಾಲು. ಲೆಕ್ಕಕ್ಕೆ ಬರುವುದು ಸಿಲಿಂಡರ್ ಮುರಿದ ಅಂಕಿಯೇ.

ಅಪ್ಪ ಎದ್ದು ಬಂದರು. ಕೈಯಲ್ಲಿ ನನ್ನ ದೊಡ್ಡ ಸ್ಪ್ಯಾನರ್. ಗಣಿಯಲ್ಲಿ ಶಿಫ್ಟ್ ಶುರುವಾಗುವ ಮೊದಲು ಕಬ್ಬಿಣದ ಸರಳಿನಿಂದ ಮೇಲ್ಬಂಡೆ ತಟ್ಟಿ ಸದ್ದು ಕೇಳುತ್ತಿದ್ದರಂತೆ; ಗಟ್ಟಿ ಬಂಡೆ ಗಂಟೆಯ ಹಾಗೆ, ಬಿಟ್ಟುಕೊಂಡ ಬಂಡೆ ಡೋಲಿನ ಹಾಗೆ. ಬುಡದಿಂದ ಮೇಲಕ್ಕೆ ಒಂದೊಂದು ಗೇಣಿಗೆ ತಟ್ಟುತ್ತಾ ಹೋದರು. ಮೇಲಿನ ಎಡ ಮೂಲೆಯಲ್ಲಿ ನಿಂತರು. ಮತ್ತೆ ತಟ್ಟಿದರು.

“ಇಲ್ಲಿ ಟೊಳ್ಳೈತೆ ನೋಡು.”

ಮೇಲ್ಬಂಡೆಯ ಬದಲಿಗೆ ಪೆಟ್ಟಿಗೆಗೆ ಹಾಕಿದ್ದ ಮುಚ್ಚಳ ತೆಗೆದು ನೋಡಿದೆ. ಹೋಸ್ ಇದ್ದ ಬಲಬದಿಯಲ್ಲಿ ಪೇಸ್ಟ್ ಮುಚ್ಚಳಕ್ಕೆ ತಾಗಿದೆ, ಎಡಮೂಲೆಯಲ್ಲಿ ಎರಡು ಬೆರಳು ಸಂದಿ. ಪೇಸ್ಟ್ ನೀರಿನಂತೆ ಸಮನಾಗಿ ಹರಡುವುದಿಲ್ಲ, ಸುರಿದ ಕಡೆ ಗುಪ್ಪೆಯಾಗಿ ದೂರಕ್ಕೆ ಇಳಿಜಾರಾಗುತ್ತದೆ. ಒಳಗಿನ ಗಾಳಿಗೂ ಹೊರಹೋಗಲು ಜಾಗ ಬೇಕು. ಮೇಲ್ಬಂಡೆ ಕುಸಿಯತೊಡಗಿದಾಗ, ಅದಕ್ಕೆ ತಾಗದ ಫಿಲ್ ಮೊದಲ ಎರಡು ಬೆರಳಷ್ಟು ಕುಸಿತವನ್ನು ತಡೆಯುವುದಿಲ್ಲ.

ನಾಲ್ಕನೇ ಸಲಕ್ಕೆ ಹೋಸನ್ನು ಎಡಮೂಲೆಗೆ ತಿರುಗಿಸಿ, ಎದುರು ಮೂಲೆಯ ಮುಚ್ಚಳಕ್ಕೆ ಅರ್ಧ ಇಂಚಿನ ಗಾಳಿಪೈಪು ಕೂರಿಸಿದ್ದೇನೆ. ಆ ಪೈಪಿನಲ್ಲಿ ಪೇಸ್ಟ್ ಮೇಲೆ ಬರುವವರೆಗೆ ವಾಲ್ವ್ ಮುಚ್ಚುವುದಿಲ್ಲ. ಪುಡಿ ಜರಡಿ ಹಿಡಿದಾಗಿದೆ, ಸ್ಲ್ಯಾಗ್ ಸಿಮೆಂಟ್ ಒಂದು ಮೂಟೆ ತಂದಾಗಿದೆ. ಸ್ಪ್ಯಾನರ್ ಅಪ್ಪನ ಹತ್ತಿರವೇ ಇದೆ.